ಮಣಿ ಉದುರಿದರೆ ಲಕೋಟೆಯಲ್ಲಿಡಿ

ಅಕ್ಟೋಬರ್ ಬಂತು ಅಂದರೆ ನನ್ನ ಮೇಜಿನ ಮೇಲೆ ಕಾಫಿ ಲೋಟ ಇಡಲೂ ಜಾಗ ಇರುವುದಿಲ್ಲ. ಕಥೋಲಿಕರಿಗೆ ಇದು ಜಪಸರದ ತಿಂಗಳು. 7ನೇ ತಾರೀಕು ಜಪಸರ ಮಾತೆಯ ಹಬ್ಬ. ವರ್ಷವಿಡೀ ಬೀರುವಿನಲ್ಲಿ ಮಲಗಿದ್ದ ಸರಗಳು ಆಗ ಎದ್ದು ಬರುತ್ತವೆ. ಎದ್ದು ಬಂದ ಮೇಲೆ ಹರಿದಿದೆ ಅಂತ ಗೊತ್ತಾಗುತ್ತದೆ.

ನಾನು ವಿರಾಜಪೇಟೆಯಲ್ಲಿ ಬಹಳ ವರ್ಷ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಎಲ್ಲರ ಜೇಬಿಗೂ ಮೊಬೈಲ್ ಬಂತು, ಗಿರಾಕಿಗಳು ಕಡಿಮೆಯಾದರು. ಅಂಗಡಿ ಮುಚ್ಚಿದರೂ ಚಿಮಟ, ಸಣ್ಣ ಇಕ್ಕಳ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಎಲ್ಲ ಮನೆಯಲ್ಲೇ ಉಳಿದವು. ಅಮ್ಮನ ಜಪಸರ ಹರಿದಾಗ ಅವನ್ನು ಹೊರಗೆ ತೆಗೆದೆ. ಆಮೇಲೆ ಅಮ್ಮನ ಗೆಳತಿಯರು, ಅವರ ಸೊಸೆಯಂದಿರು ಬಂದರು. ಈಗ ಇದೇ ನನ್ನ ಹವ್ಯಾಸ. ನಾವು ಕೊಂಕಣಿಯವರು, ಮನೆಯಲ್ಲಿ ‘ತೇರ್ಸ್’ ಅನ್ನುತ್ತೇವೆ. ಪಕ್ಕದ ಮಲಯಾಳಿ ಮನೆಯವರಿಗೆ ಅದು ‘ಕೊಂತ’. ಹೆಸರು ಯಾವುದಾದರೂ ಹರಿಯುವುದು ಒಂದೇ ಥರ. ಸಂಪಾದಕರು ಒಂದು ಕಟ್ಟು ಪತ್ರ ಕಳಿಸಿದ್ದಾರೆ. ಗೊತ್ತಿರುವಷ್ಟು ಹೇಳುತ್ತೇನೆ.

ಪ್ರ: ಅಮ್ಮನ ತಂತಿಯ ಜಪಸರ ಮೂರು ಕಡೆ ಬಿಟ್ಟುಕೊಂಡಿದೆ. ಒಂದು ಕಡೆ ಸರಿ ಮಾಡಿದರೆ ವಾರದಲ್ಲಿ ಇನ್ನೊಂದು ಕಡೆ ಬಿಡುತ್ತದೆ. ನಾನೇ ಸರಿಮಾಡಿಕೊಳ್ಳಬಹುದಾ? — ಓದುಗರೊಬ್ಬರು, ಸಿದ್ದಾಪುರ

ಖಂಡಿತ ಮಾಡಬಹುದು. ಮೊದಲು ಯಾಕೆ ಬಿಡುತ್ತಿದೆ ಅಂತ ನೋಡಿ. ತಂತಿಯ ಸರದಲ್ಲಿ ಪ್ರತಿ ಮಣಿಯೊಳಗೂ ಒಂದು ತುಂಡು ತಂತಿ ಹೋಗಿರುತ್ತದೆ. ಅದರ ಎರಡು ತುದಿಯಲ್ಲೂ ಒಂದೊಂದು ಕೊಂಡಿ ಬಗ್ಗಿಸಿರುತ್ತಾರೆ. ಬೆಳಕಿಗೆ ಹಿಡಿದು ನೋಡಿದರೆ ಕೆಲವು ಕೊಂಡಿಗಳ ಬಾಯಿ ಸ್ವಲ್ಪ ತೆರೆದುಕೊಂಡಿರುವುದು ಕಾಣುತ್ತದೆ. ಸರ ಕಳಚುವುದು ಅಲ್ಲಿಂದ. ನೀವು ಬಿಟ್ಟುಹೋದ ಕೊಂಡಿ ಒಂದನ್ನೇ ಮುಚ್ಚಿದ್ದೀರಿ, ತೆರೆಯಲು ಕಾಯುತ್ತಿರುವ ಹತ್ತನ್ನು ಹಾಗೇ ಬಿಟ್ಟಿದ್ದೀರಿ. ಒಂದು ಸಂಜೆ ಕೂತು ಶಿಲುಬೆಯಿಂದ ಶುರು ಮಾಡಿ ಎಲ್ಲ ಕೊಂಡಿಗಳನ್ನೂ ನೋಡಿಬಿಡಿ.

ಕೊಂಡಿ ತೆರೆಯುವಾಗ ಅಗಲಕ್ಕೆ ಎಳೆಯಬೇಡಿ. ಇದನ್ನು ನೂರು ಜನಕ್ಕೆ ಹೇಳಿದ್ದೇನೆ, ನೂರಾ ಒಂದನೆಯವರೂ ಎಳೆದುಕೊಂಡೇ ಬರುತ್ತಾರೆ. ಅಗಲಕ್ಕೆ ಎಳೆದರೆ ದುಂಡಗಿದ್ದದ್ದು ಮೊಟ್ಟೆಯಂತಾಗುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ. ಬಾಗಿಲು ತೆರೆದ ಹಾಗೆ ಒಂದು ತುದಿಯನ್ನು ಪಕ್ಕಕ್ಕೆ ತಿರುಗಿಸಿ. ಮುಚ್ಚುವಾಗ ಅದೇ ದಾರಿಯಲ್ಲಿ ವಾಪಸ್ಸು ತನ್ನಿ, ಒಂದು ಕೂದಲೆಳೆಯಷ್ಟು ದಾಟಿಸಿ ಬಿಡಿ. ತಂತಿಗೆ ಹಿಂದಕ್ಕೆ ಬರುವ ಚಾಳಿ ಇದೆ. ದಾಟಿಸಿದರೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ.

ಸಾಮಾನು ಜಾಸ್ತಿ ಬೇಡ. ದುಂಡು ಮೂತಿಯ ಇಕ್ಕಳ ಒಂದು, ಚಪ್ಪಟೆ ಮೂತಿಯದು ಒಂದು, ತಂತಿ ಕತ್ತರಿಸುವ ಕಟರ್ ಒಂದು. ಇಕ್ಕಳದ ಹಲ್ಲು ನುಣುಪಾಗಿರಲಿ. ಎಲೆಕ್ಟ್ರಿಷಿಯನ್ ಇಟ್ಟುಕೊಳ್ಳುವ ಗೀರುಹಲ್ಲಿನ ಇಕ್ಕಳದಿಂದ ಬೆಳ್ಳಿ ಹಿಡಿದರೆ ಇಲಿ ಕಚ್ಚಿದ ಹಾಗೆ ಗುರುತು ಬೀಳುತ್ತದೆ.

ತಂತಿಯೇ ಸವೆದಿದ್ದರೆ ಮುಚ್ಚಿ ಪ್ರಯೋಜನವಿಲ್ಲ, ಹೊಸದು ಹಾಕಬೇಕು. 6 ಮಿಲಿಮೀಟರ್ ಮಣಿಗೆ 22 ಗೇಜ್, 8 ಮಿಲಿಮೀಟರ್ ಮಣಿಗೆ 20 ಗೇಜ್ ತಂತಿ ಹಾಕುತ್ತೇನೆ. ಗೇಜ್ ಸಂಖ್ಯೆ ಕಡಿಮೆಯಾದಷ್ಟು ತಂತಿ ದಪ್ಪ, ಅಂಗಡಿಯಲ್ಲಿ ಗಲಿಬಿಲಿ ಆಗಬೇಡಿ. ಮಣಿಯಿಂದ ಆಚೆಗೆ 8–9 ಮಿಲಿಮೀಟರ್ ತಂತಿ ಬಿಡಿ. ಮಣಿಯ ಬುಡದಲ್ಲೇ ನೇರ ಮೂಲೆಯಾಗಿ ಬಗ್ಗಿಸಿ. ಆಮೇಲೆ ದುಂಡು ಮೂತಿಗೆ ತುದಿ ಸಿಕ್ಕಿಸಿ ಹಿಂದಕ್ಕೆ ಸುತ್ತಿ. ಮೊದಲ ಹತ್ತು ಕೊಂಡಿ ಸೊಟ್ಟಗೇ ಆಗುತ್ತವೆ. ಅಮ್ಮನ ಸರದ ಮೇಲೆ ಕಲಿಯಬೇಡಿ, ಎರಡು ರೂಪಾಯಿ ಪ್ಲಾಸ್ಟಿಕ್ ಮಣಿಯ ಮೇಲೆ ಕಲಿಯಿರಿ.

ತಂತಿಯನ್ನು ತನ್ನ ಬುಡಕ್ಕೇ ಎರಡು ಮೂರು ಸುತ್ತು ಸುತ್ತಿ ಮುಗಿಸುವ ಗಟ್ಟಿ ವಿಧಾನವೂ ಇದೆ. ಅದು ಬಿಡುವುದೇ ಇಲ್ಲ. ಆದರೆ ಹಳೆಯ ಗಾಜಿನ ಮಣಿಯ ಸರಕ್ಕೆ ನಾನು ಅದನ್ನು ಮಾಡುವುದಿಲ್ಲ. ಮೊಮ್ಮಗು ಹಿಡಿದು ಎಳೆದರೆ ಏನಾದರೂ ಒಂದು ಸೋಲಲೇಬೇಕಲ್ವಾ? ಕೊಂಡಿ ಸೋತರೆ ಐದು ನಿಮಿಷದ ಕೆಲಸ. ಮಣಿ ಒಡೆದರೆ ಅಂಥದ್ದು ಎಲ್ಲಿಂದ ತರುವುದು?

ಕೊನೆಗೆ ಎಣಿಸಿ. ಕಣ್ಣಿಂದ ಬೇಡ, ಕಣ್ಣು ಮುಚ್ಚಿ ಬೆರಳಿಂದ ಎಣಿಸಿ. ಶುರುವಿನಲ್ಲಿ ಒಬ್ಬ ಅಜ್ಜಿಗೆ ಸರ ಪೋಣಿಸಿಕೊಟ್ಟೆ. ಹದಿನೈದು ದಿನ ಬಿಟ್ಟು ಬಂದು, “ಮಗಾ, ನಿನ್ನ ಸರದಲ್ಲಿ ಮೂರನೇ ರಹಸ್ಯ ಮುಗಿಯೋದೇ ಇಲ್ಲ” ಅಂದರು. ಒಂದು ರಹಸ್ಯ ಅಂದರೆ ಯೇಸು, ಮರಿಯರ ಬದುಕಿನ ಒಂದು ಘಟನೆ ನೆನೆಯುತ್ತಾ ಜಪಿಸುವ ಹತ್ತು ಮಣಿ. ನೋಡಿದರೆ ಅಲ್ಲಿ ಹನ್ನೊಂದು ಮಣಿ! ಭೂತಗನ್ನಡಿ ಹಾಕಿಕೊಂಡು ಕೂತಿದ್ದ ನನಗೆ ಕಾಣದ್ದು, ಪೊರೆ ಬಂದ ಕಣ್ಣಿನ ಅಜ್ಜಿಯ ಬೆರಳಿಗೆ ಸಿಕ್ಕಿತ್ತು.

ಪ್ರ: ಫಾದರ್ ಆಶೀರ್ವದಿಸಿ ಕೊಟ್ಟ ಸರವನ್ನು ಬಿಚ್ಚಿ ಮತ್ತೆ ಕಟ್ಟಿದರೆ ಆಶೀರ್ವಾದ ಹೋಗುತ್ತದಾ? ರಿಪೇರಿಯಾಗದ ಸರವನ್ನು ಏನು ಮಾಡಬೇಕು? — ಪೊನ್ನಂಪೇಟೆ

ಹೋಗುವುದಿಲ್ಲ. ಆಶೀರ್ವಾದ ಇರುವುದು ಮಣಿಗಳ ಮೇಲೆ, ತಂತಿಯ ಮೇಲಲ್ಲ. ತಂತಿ, ದಾರ ಬದಲಾಯಿಸಬಹುದು. ಒಂದೆರಡು ಮಣಿ ಹೊಸದು ಹಾಕಿದರೂ ತೊಂದರೆಯಿಲ್ಲ. ಹೆಚ್ಚು ಕಡಿಮೆ ಎಲ್ಲವೂ ಹೊಸದೇ ಆದರೆ ಅದು ಬೇರೆ ಸರ, ಮತ್ತೊಮ್ಮೆ ಆಶೀರ್ವದಿಸಿಕೊಳ್ಳಿ. ಮನಸ್ಸು ಕೊರೆಯುತ್ತಿದ್ದರೆ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಕೈಗೆ ಕೊಡಿ. ಅರ್ಧ ನಿಮಿಷದ ಕೆಲಸ.

ಪೂರ್ತಿ ಹಾಳಾದದ್ದನ್ನು ಕಸದ ಬುಟ್ಟಿಗೆ ಹಾಕಬಾರದು. ಮರದ್ದಾದರೆ ಸುಡುವುದು, ಗಾಜು ಲೋಹದ್ದಾದರೆ ಮಣ್ಣಿನಲ್ಲಿ ಹೂಳುವುದು ನಮ್ಮ ರೂಢಿ. ನಾನು ಹೂಳುವುದಕ್ಕೆ ಮುಂಚೆ ಚೆನ್ನಾಗಿರುವ ಮಣಿಗಳನ್ನು ತೆಗೆದಿಟ್ಟುಕೊಳ್ಳುತ್ತೇನೆ, ಮನೆಯವರನ್ನು ಕೇಳಿಕೊಂಡೇ. ಅಡುಗೆಮನೆಯ ಹಳೆ ಮಸಾಲೆ ಡಬ್ಬಿಯಲ್ಲಿ ಅಂಥ ಮಣಿಗಳು ಬಣ್ಣ ಬಣ್ಣದ್ದು ಇವೆ. ಮಸಾಲೆ ಡಬ್ಬಿ ಹೋದದ್ದರ ಬಗ್ಗೆ ನನ್ನ ಹೆಂಡತಿಗೆ ಇನ್ನೂ ಸಿಟ್ಟಿದೆ.

ಪ್ರ: ಬೈಲುಕುಪ್ಪೆಯ ಟಿಬೆಟನ್ ಅಂಗಡಿಗಳಲ್ಲಿ ಒಳ್ಳೆಯ ಮರದ ಮಣಿಮಾಲೆ ಸಿಗುತ್ತದೆ. ಅದರಿಂದ ಜಪಸರ ಮಾಡಬಹುದಾ? ಲೆಕ್ಕ ಸರಿಹೊಂದುತ್ತದಾ? — ಕುಶಾಲನಗರ

ನಿಮಗೆ ಹೊಳೆ ದಾಟಿದರೆ ಬೈಲುಕುಪ್ಪೆ. ನನಗೆ ಅಲ್ಲಿಗೆ ಹೋಗುವುದೇ ಒಂದು ಯಾತ್ರೆ, ಆದರೂ ವರ್ಷಕ್ಕೊಮ್ಮೆ ಹೋಗುತ್ತೇನೆ. ಬಿಡಿ ಮಣಿ ಕೊಡುತ್ತಾರಾ ಅಂತ ಮೊದಲು ಕೇಳಿ. ಯಾರೋ ಜಪ ಮಾಡಿದ ಹಳೆ ಮಾಲೆಯನ್ನು ಮಾತ್ರ ಬಿಚ್ಚಬೇಡಿ. ನಮ್ಮ ಸರವನ್ನು ಯಾರಾದರೂ ಹಾಗೆ ಬಿಚ್ಚಿದರೆ ನಮಗೆ ಹೇಗಾಗುತ್ತದೆ? ಅಂಗಡಿಯ ಹೊಸ ಮಾಲೆಯಾದರೆ ಪರವಾಗಿಲ್ಲ. ಗಂಧದ ಪರಿಮಳ ಮೂಗಿಗೆ ಹೊಡೆಯುವ ಹಾಗಿದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಬೇರೆ ಮರಕ್ಕೆ ಸುಗಂಧದ ಎಣ್ಣೆ ಹಚ್ಚಿರಬಹುದು.

ಇನ್ನು ಲೆಕ್ಕ. ಇದು ನನಗೆ ಬಹಳ ಇಷ್ಟದ ಭಾಗ. ಅವರ ಮಾಲೆಯಲ್ಲಿ 108 ಮಣಿ. ನಮ್ಮದರಲ್ಲಿ 59. ಐದು ಹತ್ತುಗಳು 50, ಹತ್ತು ಹತ್ತರ ನಡುವೆ ಒಂದೊಂದರಂತೆ 4, ಪದಕದಿಂದ ಶಿಲುಬೆಗೆ ಇಳಿಯುವ ಬಾಲದಲ್ಲಿ 5. ಇವುಗಳಲ್ಲಿ 53 ಸಣ್ಣವು ‘ನಮೋ ಮರಿಯ’ಕ್ಕೆ, 6 ದೊಡ್ಡವು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಗೆ. ದೊಡ್ಡ ಮಣಿಗಳನ್ನು ಬೇರೆ ಕಡೆಯಿಂದ ತಂದರೆ 108ರಲ್ಲಿ 53 ಖರ್ಚಾಗುತ್ತವೆ. ಉಳಿದದ್ದು 55. ಎರಡನೇ ಜಪಸರಕ್ಕೆ ಸಾಕಾಗುತ್ತದೆ, ಎರಡು ಮಿಗುತ್ತವೆ.

ಆದರೆ ಎರಡನೆಯದನ್ನು ನಾನು ಬೇರೆ ಥರ ಮಾಡುತ್ತೇನೆ. ವ್ಯಾಕುಲ ಮಾತೆಯ ಏಳು ದುಃಖಗಳ ಸರ ಅಂತ ಒಂದಿದೆ. ಅದರಲ್ಲಿ ಏಳೇಳು ಮಣಿಗಳ ಏಳು ಗುಂಪು, ನಡುವೆ ಪುಟ್ಟ ಪದಕಗಳು, ಬಾಲದಲ್ಲಿ ಮೂರು ಮಣಿ. ಏಳೇಳಲ ನಲವತ್ತೊಂಬತ್ತು, ಮೂರು ಸೇರಿಸಿ 52. ಆಗಲೂ ಮೂರು ಮಣಿ ಕೈಯಲ್ಲಿ ಉಳಿಯುತ್ತವೆ. ಒಂದು ಮಾಲೆಗೆ ಎರಡು ಸರ, ಮುಂದೆ ಕಳೆದುಹೋಗುವ ಮಣಿಗಳಿಗೆ ಬದಲಿ ಬೇರೆ. ಈ ಲೆಕ್ಕ ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಐದು ಹತ್ತುಗಳ ಸರವನ್ನು ಮೂರು ಸಲ ತಿರುಗಿಸಿದರೆ 150. ದಾವೀದನ ಕೀರ್ತನೆಗಳೂ 150. ಹಿಂದೆ ಓದು ಬಾರದ ಜನ ಕೀರ್ತನೆಗಳ ಬದಲು ಅಷ್ಟೇ ಸಂಖ್ಯೆಯ ಪ್ರಾರ್ಥನೆ ಹೇಳಿ ಎಣಿಸುತ್ತಿದ್ದರು ಅನ್ನುತ್ತಾರೆ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಸುತ್ತು ನಾಲ್ಕಾಯಿತು. ಮಣಿ ಜಾಸ್ತಿ ಮಾಡಬೇಕಾ ಅಂತ ಆಗ ಒಬ್ಬರು ಕೇಳಿದ್ದರು. ಬೇಡ, ಸರ ಅದೇ.

ಪ್ರ: ಧರ್ಮೋಪದೇಶ ತರಗತಿಯ ಮಕ್ಕಳಿಂದ ಜಪಸರ ಮಾಡಿಸಬೇಕು ಅಂತಿದ್ದೇನೆ. ನಮ್ಮ ತೋಟದ ಬೇಲಿಯಲ್ಲಿ ಗುಲಗಂಜಿ ಬೇಕಾದಷ್ಟಿದೆ. ಕೆಂಪು ಕಪ್ಪು, ನೋಡಲು ಚೆಂದ. ಪೋಣಿಸಬಹುದಾ? — ಸುಂಟಿಕೊಪ್ಪ

ಬೇಡ ಟೀಚರ್, ದಯವಿಟ್ಟು ಬೇಡ. ಗುಲಗಂಜಿ ವಿಷ. ಹೊರಗಿನ ಗಟ್ಟಿ ಸಿಪ್ಪೆ ಒಡೆಯದಿರುವ ತನಕ ಅಪಾಯ ಕಡಿಮೆ. ಆದರೆ ಪೋಣಿಸಲು ತೂತು ಮಾಡಲೇಬೇಕು. ತೂತು ಮಾಡಿದರೆ ಒಳಗಿನ ಏಬ್ರಿನ್ ಎಂಬ ವಿಷಕ್ಕೆ ದಾರಿ ಸಿಕ್ಕಿತು. ಮಕ್ಕಳು ಸರ ಬಾಯಿಗೆ ಹಾಕುವುದಿಲ್ಲ ಅಂತ ಯಾರು ಹೇಳಬಲ್ಲರು? ವಿಚಿತ್ರ ಏನಂದರೆ, ಈ ಬಳ್ಳಿಯ ಶಾಸ್ತ್ರೀಯ ಹೆಸರು ಏಬ್ರಸ್ ಪ್ರಿಕೆಟೋರಿಯಸ್. ಎರಡನೇ ಪದಕ್ಕೆ ಪ್ರಾರ್ಥನೆಯದು ಅನ್ನುವ ಅರ್ಥ. ಇದರಿಂದ ಹಿಂದೆ ಜಪಮಾಲೆ ಮಾಡುತ್ತಿದ್ದದ್ದೇ ಕಾರಣ. ಅಕ್ಕಸಾಲಿಗರು ಚಿನ್ನ ತೂಗಿದ್ದೂ ಇದರಿಂದಲೇ. ತೂಗಲು ತೂತು ಬೇಕಿಲ್ಲವಲ್ಲ.

ಬೀಜವೇ ಬೇಕು ಅಂದರೆ ಗದ್ದೆ ಬದುವಿನಲ್ಲಿ, ತೋಡಿನ ಅಂಚಿನಲ್ಲಿ ಹುಡುಕಿ. ಜೋಳದಂಥ ಎಲೆಯ ಒಂದು ಹುಲ್ಲು ಬೆಳೆಯುತ್ತದೆ. ಅದರಲ್ಲಿ ಬೂದು ಬಣ್ಣದ, ಕಣ್ಣೀರ ಹನಿಯಂಥ ಹೊಳೆಯುವ ಮಣಿ ಬಿಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಯೋಬನ ಕಣ್ಣೀರು ಅನ್ನುತ್ತಾರೆ. ಬೈಬಲಿನ ಯೋಬನೇ. ದೇವರು ಇದಕ್ಕೆ ತೂತು ಮಾಡಿಯೇ ಕಳಿಸಿದ್ದಾನೆ. ನಡುವಿನ ನಾರು ಎಳೆದು ತೆಗೆದರೆ ಸೂಜಿ ಸಲೀಸಾಗಿ ಹೋಗುತ್ತದೆ.

ಇನ್ನೂ ಸುಲಭದ್ದು, ಮಣಿಯೇ ಇಲ್ಲದ ಗಂಟಿನ ಸರ. ಹೊಸೆದ ದಪ್ಪ ನೈಲಾನ್ ದಾರ ಸುಮಾರು 20 ಅಡಿ ತಗೊಳ್ಳಿ. ಎಡಗೈ ತೋರುಬೆರಳಿಗೆ ಮೂರು ಸುತ್ತು ಸುತ್ತಿ, ತುದಿಯನ್ನು ಸುತ್ತುಗಳ ಒಳಗಿಂದ ತೂರಿಸಿ, ಮೆಲ್ಲಗೆ ಬೆರಳಿಂದ ಜಾರಿಸಿ ಎಳೆಯಿರಿ. ಪುಟ್ಟ ಪೀಪಾಯಿಯಂಥ ಗಂಟು ಕೂರುತ್ತದೆ. ಅದು ನಮೋ ಮರಿಯ. ನಾಲ್ಕು ಸುತ್ತು ಸುತ್ತಿದರೆ ದೊಡ್ಡ ಗಂಟು. ತುದಿಗಳನ್ನು ಮೇಣದ ಬತ್ತಿಗೆ ಹಿಡಿದು ಕರಗಿಸುವ ಕೆಲಸ ಮಾತ್ರ ನೀವೇ ಮಾಡಿ. ಮೀನು ಹಿಡಿಯುವ ಒಂಟಿ ಎಳೆಯ ನೈಲಾನ್ ತರಬೇಡಿ, ಅದರಲ್ಲಿ ಗಂಟು ನಿಲ್ಲುವುದಿಲ್ಲ.

ಪ್ರ: ಮಳೆಗಾಲ ಮುಗಿಯುವಷ್ಟರಲ್ಲಿ ಮರದ ಸರಕ್ಕೆ ಬೂಷ್ಟು, ಬೆಳ್ಳಿಯದಕ್ಕೆ ಕಪ್ಪು. ಏನು ಮಾಡಲಿ? — ಮಡಿಕೇರಿ

ಮಡಿಕೇರಿಯವರು ಇದನ್ನು ಕೇಳದಿದ್ದರೆ ಆಶ್ಚರ್ಯ. ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ, ದೊಡ್ಡ ವೀರರಾಜೇಂದ್ರರ ಕಾಲದಲ್ಲಿ ಶುರುವಾದದ್ದು. ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಅರಸರು ಇಲ್ಲಿ ನೆಲೆ ಕೊಟ್ಟರು. ಅಂದಿನಿಂದ ಈ ಊರಿನ ಮಳೆಗೂ ಜಪಸರಕ್ಕೂ ಜಗಳ ನಡೆದೇ ಇರಬೇಕು.

ಮರದ್ದನ್ನು ತೊಳೆಯಬೇಡಿ. ಒಣಗಿದ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಬೂಷ್ಟು ಉಜ್ಜಿ, ಗಾಳಿಗೆ ಹಾಕಿ. ಒಲೆಯ ಮೇಲೆ ತೂಗುಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಮಣಿ ಸೀಳುತ್ತದೆ. ಬೆತ್ಲೆಹೇಮಿನಿಂದ ಯಾರೋ ತಂದುಕೊಟ್ಟ ಆಲಿವ್ ಮರದ ಸರವನ್ನು ನಾನೇ ಹಾಗೆ ಹಾಳು ಮಾಡಿದ್ದೇನೆ. ತೆಂಗಿನೆಣ್ಣೆಯನ್ನೂ ಮೆತ್ತಬೇಡಿ, ಕಮಟು ವಾಸನೆ ಬರುತ್ತದೆ. ಹತ್ತಿ ದಾರದ ಸರವಿದ್ದರೆ ಜೂನ್‌ಗೆ ಮುಂಚೆ ನೈಲಾನ್ ದಾರಕ್ಕೆ ಬದಲಾಯಿಸಿಬಿಡಿ. ಇಲ್ಲಿನ ಮಳೆಗೆ ಹತ್ತಿ ಕೊಳೆಯುತ್ತದೆ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ, ಸರ ಹಾಳೆಗೆ ತಾಗುವಂತೆ ಐದು ನಿಮಿಷ ಬಿಟ್ಟರೆ ಕಪ್ಪು ಬಿಡುತ್ತದೆ. ಮಣಿಯೂ ಬೆಳ್ಳಿಯದ್ದೇ ಆಗಿದ್ದರೆ ಮಾತ್ರ ಇದು. ಮುತ್ತು, ಹವಳ, ಚಿಪ್ಪು, ಮರ ಇದ್ದರೆ ಒಣ ಬಟ್ಟೆಯಿಂದ ಉಜ್ಜಿ, ಸಾಕು. ಆಮೇಲೆ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ಒಂದು ತುಂಡು ಸೀಮೆಸುಣ್ಣದ ಜೊತೆ ಇಡಿ. ರಬ್ಬರ್ ಬ್ಯಾಂಡ್ ಹಾಕಿ ಇಡಬೇಡಿ, ಇನ್ನೂ ಬೇಗ ಕಪ್ಪಾಗುತ್ತದೆ.

ಪ್ರ: ನಾನು ಕೊಡವತಿ. ಜಪಸರ ಅಲ್ಲ, ನಮ್ಮ ಅಜ್ಜಿಯ ಜೋಮಾಲೆಯ ದಾರ ಸಡಿಲವಾಗಿದೆ. ಕಟ್ಟಿಕೊಡುತ್ತೀರಾ? — ಗೋಣಿಕೊಪ್ಪ

ಕೇಳಿದ್ದು ಸಂತೋಷ ಅಕ್ಕ, ಆದರೆ ಅದಕ್ಕೆ ಕೈ ಹಾಕುವುದಿಲ್ಲ. ಆ ಚಿನ್ನದ ಗುಂಡುಗಳೊಳಗೆ ಅರಗು ತುಂಬಿರುತ್ತದೆ. ನನ್ನ ಇಕ್ಕಳ ಸ್ವಲ್ಪ ಒತ್ತಿದರೂ ಗುಂಡು ನೆಗ್ಗುತ್ತದೆ. ಜೋಮಾಲೆ ಕಟ್ಟಿ ಗೊತ್ತಿರುವ ಅಕ್ಕಸಾಲಿಗರಲ್ಲಿಗೇ ಹೋಗಿ, ಎದುರಿಗೆ ಕೂತು ಕಟ್ಟಿಸಿಕೊಳ್ಳಿ.

ಪ್ರ: ಅಪ್ಪನ ಅಂತ್ಯಕ್ರಿಯೆಗೆ ಬಂದ ಗುಲಾಬಿಗಳನ್ನು ಒಣಗಿಸಿಟ್ಟಿದ್ದೇನೆ. ದಳಗಳಿಂದ ಮಣಿ ಮಾಡುತ್ತಾರಂತೆ, ನಿಜವೇ? — ಸೋಮವಾರಪೇಟೆ

ನಿಜ. ತಾಳ್ಮೆ ಬೇಕು. ಒಣ ದಳಗಳನ್ನು ನೆನೆಸಿ, ನುಣ್ಣಗೆ ರುಬ್ಬಿ. ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಇಡಿ, ಕುದಿಯಲು ಬಿಡಬೇಡಿ. ದಿನಕ್ಕೆ ಒಂದು ಗಂಟೆಯಂತೆ ಮೂರು ದಿನ ಮಾಡಿ. ಕಬ್ಬಿಣ ತಾಗಿ ಹಿಟ್ಟು ಕಪ್ಪಾಗುತ್ತದೆ, ಹೆದರಬೇಡಿ, ಅದೇ ಅದರ ಬಣ್ಣ. ಹಿಂಡಿ, ಬೇಕಾದ ಗಾತ್ರಕ್ಕೆ ಎರಡರಷ್ಟು ದೊಡ್ಡದಾಗಿ ಉಂಡೆ ಕಟ್ಟಿ. ಒಣಗಿದರೆ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಉಂಡೆಗೂ ತುಕ್ಕು ಹಿಡಿಯದ ದಪ್ಪ ಸೂಜಿ ಚುಚ್ಚಿಟ್ಟು, ದಿನಾ ಒಮ್ಮೆ ತಿರುಗಿಸಿ, ನೆರಳಲ್ಲಿ ಒಂದೆರಡು ವಾರ ಒಣಗಿಸಿ. 59 ಬೇಕಾದರೆ 75 ಮಾಡಿ, ಕೆಲವು ಬಿರುಕು ಬಿಡುತ್ತವೆ.

ಈಗಲೇ ಶುರು ಮಾಡಬೇಡಿ. ಹವೆಯಲ್ಲಿ ಇನ್ನೂ ತೇವ ಇದೆ, ಉಂಡೆಗೆ ಬೂಷ್ಟು ಬರುತ್ತದೆ. ಜನವರಿ ಫೆಬ್ರವರಿವರೆಗೆ ದಳಗಳನ್ನು ಕಾಗದದ ಚೀಲದಲ್ಲಿಡಿ. ಆಗ ಕಾಫಿ ಒಣಗಿಸುವ ಬಿಸಿಲಿರುತ್ತದೆ. ಹೂವು ಸಾಲದಿದ್ದರೆ ಬೇರೆ ಗುಲಾಬಿ ಸೇರಿಸಿ. ಪೇಟೆಯ ಹೂವಿಗೆ ಔಷಧ ಹೊಡೆದಿರುತ್ತಾರೆ, ಮನೆಯಂಗಳದ್ದೇ ಒಳ್ಳೆಯದು.

ಪ್ರ: ಕಾಫಿ ಬೀಜದ ಜಪಸರ? — ನಾಪೋಕ್ಲು

ಮಾಡಿ ನೋಡಿದ್ದೇನೆ. ಹುರಿದ ಬೀಜ ಕೊರೆದರೆ ಎರಡು ಹೋಳು. ಹಸಿ ಬೀಜ ಕೊರೆಯಬಹುದು, ಆದರೆ ಮಳೆಗಾಲದಲ್ಲಿ ಊದಿಕೊಂಡು ಬಿಳಿಚಿಕೊಳ್ಳುತ್ತದೆ. ಕಾಫಿ ಬೆಳೆಯುವ ನಿಮಗೆ ನಾನು ಹೇಳಬೇಕೇ? ಬೀಜ ಬಿಡಿ, ಗಿಡ ಕಪಾತು ಮಾಡಿದಾಗ ಬೀಳುವ ಕೊಂಬೆ ತಗೊಳ್ಳಿ. ಗಟ್ಟಿ ಮರ, ತಿಳಿ ಬಣ್ಣ. ಆರು ತಿಂಗಳು ನೆರಳಲ್ಲಿ ಒಣಗಿಸಿ ತುಂಡು ಮಾಡಿ, ಕೊರೆದು, ಮರಳು ಕಾಗದ ಉಜ್ಜಿ. ನನ್ನ ಜೇಬಿನಲ್ಲಿರುವುದು ಅದೇ.

ಪ್ರ: ಅಪ್ಪನ ಸರದ ನಾಲ್ಕನೇ ಹತ್ತರಲ್ಲಿ ಒಂಬತ್ತೇ ಮಣಿ ಇದೆ. ಹಳೆಯ ನೀಲಿ ಗಾಜು, ಅಂಥದ್ದು ಎಲ್ಲೂ ಸಿಗುತ್ತಿಲ್ಲ. ಬೇರೆ ಬಣ್ಣ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. — ಅಮ್ಮತ್ತಿ

ಅಂಗಡಿ ಸುತ್ತುವುದು ನಿಲ್ಲಿಸಿ, ಮಣಿ ನಿಮ್ಮ ಸರದಲ್ಲೇ ಇದೆ. ಶಿಲುಬೆಯ ಮೇಲಿನ ಬಾಲದಲ್ಲಿ ಮೂರು ಸಣ್ಣ ಮಣಿ ಇವೆಯಲ್ಲ, ಮೂರನ್ನೂ ಬಿಚ್ಚಿ. ಆ ಜಾಗಕ್ಕೆ ಬೇರೆ ಮೂರು ಹಾಕಿ. ಬಿಳಿ ಗಾಜೋ, ಬೆಳ್ಳಿಯ ಗುಂಡೋ, ಮೂರೂ ಒಂದೇ ಥರ ಇರಲಿ, ಗಾತ್ರ ಅಷ್ಟೇ ಇರಲಿ. ಒಂದೇ ಒಂದು ಬೇರೆ ಬಣ್ಣ ಇದ್ದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಮೂರೂ ಬೇರೆಯಾದರೆ ಮೊದಲಿಂದಲೂ ಹಾಗೇ ಇತ್ತು ಅನ್ನಿಸುತ್ತದೆ. ಬಿಚ್ಚಿದ ನೀಲಿ ಮಣಿಗಳಲ್ಲಿ ಒಂದು ನಾಲ್ಕನೇ ಹತ್ತಕ್ಕೆ. ಉಳಿದ ಎರಡನ್ನು ಲಕೋಟೆಗೆ ಹಾಕಿ, ಮೇಲೆ ‘ಅಪ್ಪನ ಸರದ್ದು’ ಅಂತ ಬರೆದು, ಸರದ ಡಬ್ಬಿಯೊಳಗೇ ಇಡಿ.